ಕಾಫಿ ಯಂತ್ರದ ಕಮಟು ವಾಸನೆಗೆ ವಿನೆಗರ್ ಮದ್ದಲ್ಲ

ಪ್ರಶ್ನೆ: ನಮ್ಮ ಮನೆ ಉಡುಪಿಯ ಕಲ್ಯಾಣಪುರದ ಬಳಿ ಇದೆ. ಎರಡು ವರ್ಷದ ಹಿಂದೆ 900 ವಾಟ್‌ನ ವಿದ್ಯುತ್ ಡ್ರಿಪ್ ಕಾಫಿ ಯಂತ್ರವೊಂದನ್ನು ಕೊಂಡೆವು. ಬಳಸುವುದು ಬಾವಿಯ ನೀರು, ಶೇಕಡಾ 20ರಷ್ಟು ಚಿಕೋರಿ ಬೆರೆತ ಪುಡಿ, ತೊಳೆದು ಮತ್ತೆ ಬಳಸುವಂಥ ಲೋಹದ ಜಾಲರಿ. ಕೈಪಿಡಿಯಲ್ಲಿ ಹೇಳಿದಂತೆ ತಿಂಗಳಿಗೊಮ್ಮೆ ತಪ್ಪದೆ ವಿನೆಗರ್ ಹಾಯಿಸುತ್ತೇವೆ. ಆದರೂ ಕಾಫಿಗೆ ಹಳೆಯ ಎಣ್ಣೆಯ ವಾಸನೆ ಬರುತ್ತಿದೆ, ನೀರು ಇಳಿಯುವುದು ನಿಧಾನವಾಗಿದೆ, ಬರೀ ನೀರು ಹಾಯಿಸಿದಾಗ ಗಾಜಿನ ಜಗ್ಗಿನ ತಳದಲ್ಲಿ ಬೂದು ಬಣ್ಣದ ಪುಡಿ ನಿಲ್ಲುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ) ಹದಿನೈದು ದಿನ ಮನೆಯಲ್ಲಿರಲಿಲ್ಲ. ಹಿಂತಿರುಗಿ ಸ್ವಿಚ್ ಹಾಕಿದರೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್) ಬೀಳುತ್ತದೆ. ವಿನೆಗರ್ ಹಾಯಿಸುವುದನ್ನು ಹೆಚ್ಚಿಸಬೇಕೇ, ಅಥವಾ ಯಂತ್ರವನ್ನೇ ಬಿಸಾಡಬೇಕೇ?

ಉತ್ತರ: ಎರಡೂ ಬೇಡ. ಹೆಚ್ಚಿಸುವುದು ಹಾಗಿರಲಿ, ತಿಂಗಳಿಗೊಮ್ಮೆ ಹಾಯಿಸುತ್ತಿರುವ ವಿನೆಗರನ್ನೂ ಇಂದಿಗೇ ನಿಲ್ಲಿಸಿ. ನೀವು ಹೇಳಿದ ತೊಂದರೆಗಳು ಒಂದೇ ಕಾಯಿಲೆಯ ಲಕ್ಷಣಗಳಂತೆ ಕಂಡರೂ ಅವುಗಳ ಮೂಲ ಬೇರೆ ಬೇರೆ. ವಾಸನೆಗೆ ಕಾರಣ ಕಾಫಿಯ ಎಣ್ಣೆ, ಬೂದು ಪುಡಿಗೆ ಕಾರಣ ಬಹುಮಟ್ಟಿಗೆ ನೀವು ಹಾಯಿಸಿದ ಹುಳಿಯೇ, ಆರ್‌ಸಿಸಿಬಿ ಬೀಳುವುದಕ್ಕೆ ಕಾರಣ ಆಟಿಯ ತೇವ. ಇಂಥ ಕೈಪಿಡಿಗಳನ್ನು ಗಡಸು ನೀರಿನ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ನಮ್ಮ ಮಂಗಳೂರು, ಉಡುಪಿಯ ನೀರೂ ಬೇರೆ, ಗಾಳಿಯೂ ಬೇರೆ. ಯಂತ್ರವನ್ನು ಶುಚಿ ಮಾಡುವ ಕ್ರಮವೂ ಇಲ್ಲಿ ಬೇರೆಯೇ ಆಗಬೇಕು. ಉತ್ತರವನ್ನು ಪೂರ್ತಿ ಓದುವ ಮೊದಲು ಯಂತ್ರದ ಪ್ಲಗ್ ಕಳಚಿಡಿ. ಆರ್‌ಸಿಸಿಬಿಯ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯವರೆಗೆ ಪ್ಲಗ್ಗನ್ನು ಮತ್ತೆ ಚುಚ್ಚಿ ನೋಡುವ ಪ್ರಯೋಗ ಬೇಡ.

ಡ್ರಿಪ್ ಯಂತ್ರದೊಳಗೆ ನಡೆಯುವ ಕೆಲಸವನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಉಳಿದದ್ದು ತಾನಾಗಿ ಸ್ಪಷ್ಟವಾಗುತ್ತದೆ. ತೊಟ್ಟಿಯ ತಳದ ತೂತಿನಿಂದ ನೀರು ಒಂದು ಏಕಮುಖ ಕವಾಟವನ್ನು ದಾಟಿ, ಕುದುರೆಲಾಳದಂತೆ ಬಾಗಿದ ನಳಿಕೆಯೊಂದಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಆ ನಳಿಕೆ ಅಲ್ಯೂಮಿನಿಯಂನದು, ಅದಕ್ಕೆ ಅಂಟಿಕೊಂಡೇ ಹೀಟರ್ ಇರುತ್ತದೆ. ನೀರು ಕುದಿದು ಗುಳ್ಳೆಗಳೆದ್ದಾಗ ಹಿಂದಕ್ಕೆ ಹೋಗಲು ಕವಾಟ ಬಿಡುವುದಿಲ್ಲವಾದ್ದರಿಂದ, ಆ ಗುಳ್ಳೆಗಳೇ ಬಿಸಿನೀರನ್ನು ರಬ್ಬರ್ ಕೊಳವೆಯ ಮೂಲಕ ಮೇಲಕ್ಕೆ ತಳ್ಳಿ, ಪುಡಿಯ ಮೇಲೆ ಚಿಮುಕಿಸುತ್ತವೆ. ಜಗ್ಗನ್ನು ಬೆಚ್ಚಗಿಡುವ ತಟ್ಟೆಗೂ ಬಿಸಿ ಕೊಡುವುದು ಇದೇ ಹೀಟರ್. ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ನಳಿಕೆಯೊಳಗೆ ಹರಿಯುವುದು ನೀರು ಮಾತ್ರ. ಕಾಫಿ ಹುಟ್ಟುವುದು ನಳಿಕೆಯನ್ನು ದಾಟಿದ ಮೇಲೆ, ಜಾಲರಿಯಲ್ಲಿ. ಆದ್ದರಿಂದ ಕಾಫಿಯ ಕೊಳೆ ಇರುವುದು ಪುಡಿಯ ಬುಟ್ಟಿ, ಜಾಲರಿ, ಚಿಮುಕುವ ತಲೆಯ ಅಡಿಭಾಗ, ಮುಚ್ಚಳ ಮತ್ತು ಜಗ್ಗು, ಇಷ್ಟರಲ್ಲೇ. ತೊಟ್ಟಿಗೆ ಸುರಿದ ವಿನೆಗರ್ ಇವುಗಳ ಮೇಲೂ ಹರಿದು ಹೋಗುತ್ತದೆ, ನಿಜ. ಆದರೆ ಹುಳಿಯು ಸುಣ್ಣವನ್ನು ಕರಗಿಸುತ್ತದೆಯೇ ಹೊರತು ಎಣ್ಣೆಯನ್ನು ಕರಗಿಸುವುದಿಲ್ಲ.

ಕಾಫಿ ಬೀಜದಲ್ಲಿ ಎಣ್ಣೆಯ ಅಂಶ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಅರೇಬಿಕಾದ ತೂಕದಲ್ಲಿ ಸುಮಾರು ಶೇಕಡಾ 15ರಷ್ಟು, ರೊಬಸ್ಟಾದಲ್ಲಿ ಸುಮಾರು ಶೇಕಡಾ 10ರಷ್ಟು ಎಣ್ಣೆಯೇ ಇರುತ್ತದೆ. ಕಾಗದದ ಸೋಸುಕ ಅದರಲ್ಲಿ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಲೋಹದ ಜಾಲರಿ ಕೆಳಗೆ ಬಿಡುತ್ತದೆ. ಜಾಲರಿಯ ಕಾಫಿ ನಾಲಿಗೆಗೆ ತುಂಬಿಕೊಂಡಂತೆ ಅನಿಸುವುದು ಇದರಿಂದಲೇ, ಹಾಗಾಗಿ ಜಾಲರಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಜಾಲರಿ ಬಳಸುವವರು ತೊಳೆಯುವುದರಲ್ಲಿ ಉದಾಸೀನ ಮಾಡುವಂತಿಲ್ಲ. ತೆಳುವಾಗಿ ಹರಡಿ ನಿಂತ ಎಣ್ಣೆ ಗಾಳಿಗೆ ತೆರೆದುಕೊಂಡು, ಬಿಸಿಯೂ ತಾಗಿ, ಹಳೆಯ ಕೊಬ್ಬರಿಯಂತೆ ಕಮಟುತ್ತದೆ. ಮಾರನೆಯ ದಿನದ ಬಿಸಿನೀರು ಆ ಕಮಟನ್ನೇ ತೊಳೆದು ಲೋಟಕ್ಕೆ ಇಳಿಸುತ್ತದೆ. ಪುಡಿ ಸರಿಯಿಲ್ಲವೆಂದು ಅಂಗಡಿ ಬದಲಿಸಿದವರನ್ನು, ಹಾಲಿನವರನ್ನು ದೂರಿದವರನ್ನು ನಾನು ಕಂಡಿದ್ದೇನೆ. ದೋಷ ಇದ್ದುದು ಬುಟ್ಟಿಯಲ್ಲಿ.

ಒಂದು ಪರೀಕ್ಷೆ ಮಾಡಿ ನೋಡಿ. ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಬೆರಳಿಗೆ ಸುತ್ತಿ, ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಳವನ್ನೆತ್ತಿ ಚಿಮುಕುವ ತಲೆಯ ಅಡಿಭಾಗವನ್ನು ಒಮ್ಮೆ ಉಜ್ಜಿ. ಹೊರಗಿನಿಂದ ಫಳಫಳ ಹೊಳೆಯುವ ಯಂತ್ರದಲ್ಲೂ ಬಟ್ಟೆಯ ಮೇಲೆ ಬೆಲ್ಲದ ಪಾಕದಂಥ ಕಂದು ಗೆರೆ ಮೂಡುತ್ತದೆ. ಅದನ್ನು ಮೂಗಿನ ಹತ್ತಿರ ಹಿಡಿದರೆ ನಿಮ್ಮ ಕಾಫಿಯ ವಾಸನೆ ಎಲ್ಲಿಂದ ಬಂತೆಂದು ಬೇರೆಯವರು ಹೇಳಬೇಕಾಗಿಲ್ಲ. ಬುಟ್ಟಿಯ ತಳದಲ್ಲಿ, ಜಗ್ಗನ್ನು ತೆಗೆದಾಗ ಹನಿ ನಿಲ್ಲಿಸುವ ಸ್ಪ್ರಿಂಗಿನ ಪುಟ್ಟ ಬಿರಡೆಯೊಂದು ಇರುತ್ತದೆ. ಅದನ್ನು ಬೆರಳಿನಿಂದ ಒತ್ತಿ ಹಿಡಿದು ಸುತ್ತಲಿನ ರಬ್ಬರ್ ಉಂಗುರವನ್ನು ನೋಡಿ. ಎರಡು ವರ್ಷ ಯಾರ ಕಣ್ಣಿಗೂ ಬೀಳದ ಕಪ್ಪು ಗಸಿ ಅಲ್ಲಿರುತ್ತದೆ.

ಎಣ್ಣೆ ಬಿಡಿಸಲು ಬೇಕಾದದ್ದು ಸೋಪು, ಇಲ್ಲವೇ ಕ್ಷಾರ. ನಿತ್ಯ ಬಳಕೆಗೆ ಪಾತ್ರೆ ತೊಳೆಯುವ ದ್ರವ ಸೋಪು, ಬಿಸಿನೀರು, ಮೆದುವಾದ ಬ್ರಷ್ಷು ಸಾಕು. ಬರೀ ನೀರಲ್ಲಿ ಕುಲುಕಿ ಇಡುವುದು ಮಾತ್ರ ಸಾಲದು. ವಾರಕ್ಕೊಮ್ಮೆ ಕಳಚಿ ಬರುವ ಭಾಗಗಳನ್ನು, ಅಂದರೆ ಬುಟ್ಟಿ, ಸ್ಟೀಲ್ ಜಾಲರಿ ಮತ್ತು ಗಾಜಿನ ಜಗ್ಗನ್ನು, ಸುಮಾರು 60 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸೋಡಿಯಂ ಪರ್‌ಕಾರ್ಬೊನೇಟ್ ಹಾಕಿ ಅರ್ಧ ಗಂಟೆ ನೆನೆಸಿಡಿ. ಕಾಫಿ ಯಂತ್ರಕ್ಕೆಂದೇ ಮಾರುವ ಅನೇಕ ಶುಚಿಪುಡಿಗಳಲ್ಲಿ ಇರುವುದೂ ಇದೇ. ನೀರಿಗೆ ಬಿದ್ದೊಡನೆ ನೊರೆಯೆದ್ದು, ಕಂದು ಬಣ್ಣ ಎಳೆಯೆಳೆಯಾಗಿ ಬಿಟ್ಟುಕೊಳ್ಳುವುದು ಕಣ್ಣಿಗೆ ಕಾಣುತ್ತದೆ. ಆ ನೀರು ಕೈಗೆ ತಾಗದಂತೆ ಕೈಗವಸು ಹಾಕಿಕೊಳ್ಳಿ, ಆಮೇಲೆ ಧಾರಾಳ ನೀರಲ್ಲಿ ತೊಳೆಯಿರಿ. ಬಾಯಿ ಕಿರಿದಾದ ಸ್ಟೀಲ್ ಫ್ಲಾಸ್ಕಿಗೆ ಇದೇ ಉಪಾಯ ಬಹಳ ಒಳ್ಳೆಯದು, ಆದರೆ ನೆನೆಯುವಾಗ ಮುಚ್ಚಳ ಬಿಗಿಯಬಾರದು, ಒಳಗೆ ಅನಿಲ ಹುಟ್ಟಿ ಒತ್ತಡ ಬೀಳುತ್ತದೆ. ಈ ಪುಡಿಯನ್ನಾಗಲಿ ಬಟ್ಟೆ ಸೋಡಾವನ್ನಾಗಲಿ ನೀರಿನ ತೊಟ್ಟಿಗೆ ಹಾಕಿ ಯಂತ್ರ ಓಡಿಸುವುದಂತೂ ಸರ್ವಥಾ ಕೂಡದು, ಅಲ್ಯೂಮಿನಿಯಂಗೆ ಕ್ಷಾರ ಹುಳಿಗಿಂತಲೂ ದೊಡ್ಡ ಶತ್ರು. ನಿಮ್ಮ ಬುಟ್ಟಿಯೋ ಜಾಲರಿಯ ಚೌಕಟ್ಟೋ ಅಲ್ಯೂಮಿನಿಯಂನದಾಗಿದ್ದರೆ ಅದಕ್ಕೂ ಸೋಪು ನೀರೇ ಸರಿ. ತೆಂಗಿನ ನಾರು, ಬೂದಿ, ಸ್ಟೀಲ್ ನಾರು ಹಾಕಿ ತಿಕ್ಕಿದರೆ ಪ್ಲಾಸ್ಟಿಕ್‌ನ ಮೇಲೆ ಗೀರು ಬಿದ್ದು, ಮುಂದಿನ ಎಣ್ಣೆ ಕೂರಲು ಜಾಗ ಮಾಡಿಕೊಟ್ಟಂತಾಗುತ್ತದೆ.

ಚಿಕೋರಿಯ ವಿಷಯ ಒಂದು ಮಾತು. ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡಾ 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಶೇಕಡಾ 49ರವರೆಗೆ ಚಿಕೋರಿ ಇರಬಹುದು. ಚಿಕೋರಿಯಲ್ಲಿ ಎಣ್ಣೆ ಇಲ್ಲವೆಂಬಷ್ಟು ಕಡಿಮೆ, ಆದರೆ ನೀರಲ್ಲಿ ಕರಗುವ ಸಿಹಿಯಂಶ ಬಹಳ. ಡಿಕಾಕ್ಷನ್ ದಪ್ಪವಾಗುವುದು ಅದರಿಂದ, ಬುಟ್ಟಿಯ ಅಂಚು ಅಂಟಂಟಾಗುವುದೂ ಅದರಿಂದ. ಬಿಸಿನೀರಿಗೆ ಸುಲಭವಾಗಿ ಬಿಡುವ ಅಂಟು ಇದು, ಆದರೆ ಒಣಗಲು ಬಿಟ್ಟರೆ ಕಮಟು ಎಣ್ಣೆಗೆ ಮೇಲುಹೊದಿಕೆಯಾಗಿ ಕೂರುತ್ತದೆ. ಮಳೆಗಾಲದಲ್ಲಿ ಇರುವೆಗಳು ಯಂತ್ರದೊಳಗೆ ಸಂಸಾರ ಹೂಡುವುದಕ್ಕೂ ಈ ಸಿಹಿಯೇ ಆಹ್ವಾನ. ಕಾಫಿ ಸೋಸಿದ ಕೂಡಲೇ ಚರಟ ಬಿಸಾಡಿ ಬುಟ್ಟಿ ತೊಳೆಯುವ ಮನೆಯ ಯಂತ್ರಗಳಲ್ಲಿ ಈ ತಾಪತ್ರಯ ನನಗೆ ಕಂಡದ್ದು ತೀರಾ ಅಪರೂಪ.

ಇನ್ನು ನೀರು. ಕಾಯಿಸಿದಾಗ ಬಿಳಿಯ ಕಲ್ಲಿನಂತೆ ಕಟ್ಟುವ ಪದರ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣ. ನೀರಲ್ಲಿ ಕರಗಿರುವ ಬೈಕಾರ್ಬೊನೇಟ್ ಬಿಸಿಗೆ ಒಡೆದು ಅದು ಹುಟ್ಟುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ನೀರಲ್ಲಿ ಇದು ಹೇರಳ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ತೆರೆದ ಬಾವಿಗಳ ಸ್ವಭಾವವೇ ಬೇರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಈ ಕಲ್ಲಿನಲ್ಲಿ ಕರಗಬಹುದಾದ ಸುಣ್ಣವನ್ನೆಲ್ಲ ಎಂದೋ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು. ಹೀಗಾಗಿ ಇಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದುವಾದದ್ದು, ಸ್ವಲ್ಪ ಹುಳಿಯ ಕಡೆಗೆ ವಾಲಿದ್ದು, ಕೆಲವೆಡೆ ಕಬ್ಬಿಣದ ಕೆಂಪು ಬಿಡುವಂಥದ್ದು. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ನೇತ್ರಾವತಿಯ ನೀರು, ಬಜೆಯಿಂದ ಉಡುಪಿ ಮಣಿಪಾಲಕ್ಕೆ ಬರುವ ಸ್ವರ್ಣಾ ನದಿಯ ನೀರು, ಇವೂ ಘಟ್ಟದ ಮಳೆಯ ಮೆದು ನೀರುಗಳೇ. ನಿಮ್ಮ ನೀರನ್ನು ಅಳೆಯಲು ಸೋಪಿನ ಬಿಲ್ಲೆ ಸಾಕು. ಸುಲಭವಾಗಿ ನೊರೆ ಬಂದು, ತೊಳೆದಷ್ಟೂ ಕೈ ಜಾರುತ್ತಿದ್ದರೆ ಅದು ಮೆದು ನೀರು. ಸ್ಟೀಲ್ ಪಾತ್ರೆಯಲ್ಲಿ ತಿಂಗಳುಗಟ್ಟಲೆ ನೀರು ಕಾಯಿಸಿದರೂ ಬಿಳಿ ಹಕ್ಕಳೆ ಕಟ್ಟದಿದ್ದರೆ ಕಾಫಿ ಯಂತ್ರದಲ್ಲೂ ಕಟ್ಟಿರುವುದಿಲ್ಲ. ನೀರು ಶುದ್ಧಿ ಯಂತ್ರ ಮಾರುವವರು ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಅಂಕಿ ನೀರಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ, ಗಡಸುತನದ ಅಳತೆಯಲ್ಲ. ಬೇಸಿಗೆಯಲ್ಲಿ ಮಲ್ಪೆ, ಪಡುಕರೆ, ಉಳ್ಳಾಲದ ಕಡೆಯ ಬಾವಿಗಳಿಗೆ ಉಪ್ಪು ನೀರು ನುಗ್ಗಿದಾಗ ಆ ಅಂಕಿ ಏರುತ್ತದೆ, ಆದರೆ ಅಡುಗೆ ಉಪ್ಪು ಸುಣ್ಣದಂತೆ ಕಲ್ಲುಗಟ್ಟುವುದಿಲ್ಲ. ಅದು ಮಾಡುವ ಹಾನಿ ಬೇರೆ: ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ಸಣ್ಣ ತೂತು ಕೊರೆಯುತ್ತದೆ. ನಿಮ್ಮ ಬಾವಿ ಹೊಳೆಯ ಹತ್ತಿರವಿದ್ದು ಏಪ್ರಿಲ್, ಮೇ ತಿಂಗಳಲ್ಲಿ ನೀರು ತುಸು ಉಪ್ಪಾದರೆ, ಆ ಎರಡು ತಿಂಗಳು ಯಂತ್ರಕ್ಕೆ ನಗರಸಭೆಯ ನೀರನ್ನು ಹಾಕಿ.

ಹೀಗಿರುವಾಗ ನಿಮ್ಮ ವಿನೆಗರ್ ನಳಿಕೆಯೊಳಗೆ ಹೋಗಿ ಮಾಡಿದ್ದೇನು? ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಹೆಣೆದುಕೊಳ್ಳುವ ಆಕ್ಸೈಡಿನ ತೆಳು ಪೊರೆಯಿಂದ ಬದುಕುವ ಲೋಹ. ಪಿಎಚ್ (ಹುಳಿ-ಕ್ಷಾರದ ಅಳತೆ, 7ರಿಂದ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಸುಮಾರು 4ರಿಂದ 8.5ರ ನಡುವೆ ಆ ಪೊರೆ ಭದ್ರವಾಗಿರುತ್ತದೆ. ವಿನೆಗರಿನ ಪಿಎಚ್ 3ರ ಆಸುಪಾಸು. ಕರಗಿಸಲು ಸುಣ್ಣವಿದ್ದರೆ ಹುಳಿಯ ಶಕ್ತಿ ಅದರಲ್ಲಿ ವ್ಯಯವಾಗುತ್ತದೆ, ಸುಣ್ಣವೇ ಇಲ್ಲದಿದ್ದರೆ ಕುದಿಯುವ ಹುಳಿ ನೇರವಾಗಿ ಲೋಹದ ಮೈಗೆ ಬೀಳುತ್ತದೆ. ನಿಮ್ಮ ಜಗ್ಗಿನ ತಳದ ಬೂದು ಪುಡಿ ಅಲ್ಯೂಮಿನಿಯಂ ಸವೆದ ಪುಡಿಯಿರುವ ಸಂಭವವೇ ಹೆಚ್ಚು. ಖಚಿತಪಡಿಸಿಕೊಳ್ಳಲು ಆ ಪುಡಿಯನ್ನು ಒಣಗಿಸಿ ಅದರ ಮೇಲೆ ಎರಡು ಹನಿ ವಿನೆಗರ್ ಬಿಡಿ. ಬುಸ್ಸನೆ ಗುಳ್ಳೆಯೆದ್ದರೆ ಅದು ಸುಣ್ಣ, ಸುಮ್ಮನೆ ನೆನೆದು ಕೂತರೆ ಸುಣ್ಣವಲ್ಲ. ಈ ಪಾಠ ನಾನು ನನ್ನ ಮನೆಯ ಯಂತ್ರದಲ್ಲೇ ಕಲಿತೆ. ಹಲವು ವರ್ಷಗಳ ಹಿಂದೆ, ಚೆನ್ನಾಗಿ ಕರಗಲಿ ಎಂದು ಸಿಟ್ರಿಕ್ ಆಮ್ಲದ ದ್ರಾವಣವನ್ನು ಇಡೀ ರಾತ್ರಿ ನಳಿಕೆಯಲ್ಲಿ ನಿಲ್ಲಿಸಿದೆ. ಕೆಲವು ದಿನಗಳಲ್ಲಿ ಯಂತ್ರದ ಅಡಿಯಲ್ಲಿ ನೀರು ಕಂಡಿತು. ಬಿಚ್ಚಿದಾಗ ನಳಿಕೆಯ ಬಾಗಿದ ಜಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು ಬಿದ್ದಿತ್ತು. ಅದನ್ನು ಇಂದಿಗೂ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಕಲಿಯಲು ಬರುವ ಹುಡುಗರಿಗೆ ತೋರಿಸುತ್ತೇನೆ.

ಸುಣ್ಣ ತೆಗೆಯುವುದೇ ಬೇಡವೆಂದಲ್ಲ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬೇಕಾಗಬಹುದು. ನಿಮ್ಮಂಥವರಿಗೆ ವರ್ಷಕ್ಕೊಮ್ಮೆ, ಅದೂ ಲಕ್ಷಣ ಕಂಡರೆ ಮಾತ್ರ. ಆಗಲೂ ವಿನೆಗರಿಗಿಂತ ಸಿಟ್ರಿಕ್ ಆಮ್ಲ ಮೇಲು, ಏಕೆಂದರೆ ವಿನೆಗರಿನ ವಾಸನೆ ರಬ್ಬರ್ ಕೊಳವೆಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಲೀಟರ್ ನೀರಿಗೆ 20 ಗ್ರಾಂ ಆಮ್ಲ ಕರಗಿಸಿ, ಅರ್ಧದಷ್ಟು ಹಾಯಿಸಿ, ಸ್ವಿಚ್ ಆರಿಸಿ ಹದಿನೈದು ನಿಮಿಷ ಮಾತ್ರ ಬಿಟ್ಟು, ಉಳಿದದ್ದನ್ನೂ ಹಾಯಿಸಿ, ಕೂಡಲೇ ಮೂರು ತೊಟ್ಟಿ ಬರೀ ನೀರು ಹಾಯಿಸಬೇಕು. ಹಿತ್ತಾಳೆ ಫಿಲ್ಟರನ್ನು ಹುಣಸೆಹುಳಿ, ಬಿಂಬುಳಿ ಹಾಕಿ ಬೆಳಗಿದ ಅಭ್ಯಾಸದಿಂದ ಕೆಲವರು ನಿಂಬೆರಸವನ್ನೋ ಪುನರ್ಪುಳಿಯ ನೀರನ್ನೋ ಈ ಯಂತ್ರಕ್ಕೂ ಸುರಿಯುತ್ತಾರೆ. ಹಿತ್ತಾಳೆಯ ಹೊರಮೈಗೆ ಅದು ಚೆಂದ, ಕಣ್ಣಿಗೆ ಕಾಣದ ನಳಿಕೆಯೊಳಗೆ ಆ ಹಣ್ಣಿನ ನಾರೂ ಸಕ್ಕರೆಯೂ ಉಳಿದು ಬೂಷ್ಟಿಗೆ ಮೇವಾಗುತ್ತವೆ. ಬಟ್ಟೆಗೆ ಹಾಕುವ ಬ್ಲೀಚನ್ನು ಯಂತ್ರದ ಬಳಿ ತರಲೇಬೇಡಿ. ಹುಳಿಯ ಜೊತೆ ಅದು ಬೆರೆತರೆ ಕ್ಲೋರಿನ್ ವಿಷಾನಿಲ ಹೊರಡುತ್ತದೆ.

ನೀರು ನಿಧಾನವಾಗಿ ಇಳಿಯುವುದಕ್ಕೆ ಎರಡು ಜಾಗ ನೋಡಿ. ಚಿಮುಕುವ ತಲೆಯ ತೂತುಗಳಿಗೆ ಆವಿಯೊಡನೆ ಹಾರಿದ ಪುಡಿಯೂ ಎಣ್ಣೆಯೂ ಸೇರಿ ಮೇಣದಂತೆ ಕಟ್ಟಿಕೊಂಡಿರುತ್ತದೆ. ಕಳಚಿ ಬರುವಂತಿದ್ದರೆ ಸೋಪು ನೀರಲ್ಲಿ ನೆನೆಸಿ, ಬರದಿದ್ದರೆ ಹಲ್ಲುಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿ. ಎರಡನೆಯದು ತೊಟ್ಟಿಯ ತಳದ ಕವಾಟ. ಬಾವಿ ನೀರಿನೊಂದಿಗೆ ಬಂದ ಕೆಂಪು ಗಸಿ ಅಲ್ಲಿ ಕೂತು ಕವಾಟ ಅರ್ಧ ತೆರೆದೇ ನಿಂತರೆ ಬಿಸಿನೀರು ಮೇಲೇರುವ ಬದಲು ತೊಟ್ಟಿಗೇ ಹಿಂದಿರುಗುತ್ತದೆ. ಯಂತ್ರ ಗೊರಗೊರ ಸದ್ದು ಮಾಡುತ್ತ ತೊಟ್ಟಿಯ ನೀರು ಬಿಸಿಯಾಗುತ್ತಿದ್ದರೆ ಇದೇ ಕಾರಣ. ನೀರನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ತುಂಬುವುದು ಇದಕ್ಕೆ ಅತ್ಯಂತ ಸುಲಭದ ಪರಿಹಾರ.

ಪಂಪು ಒತ್ತಡದ ಎಸ್‌ಪ್ರೆಸೊ ಯಂತ್ರ ಇಟ್ಟುಕೊಂಡವರೂ ಇದೇ ಪ್ರಶ್ನೆ ಕೇಳುವುದರಿಂದ ಚುಟುಕಾಗಿ ಹೇಳುತ್ತೇನೆ. ಅಲ್ಲಿಯೂ ಮುಖ್ಯ ಕೊಳೆ ಎಣ್ಣೆಯೇ, ಪುಡಿಗೆ ನೀರು ಬೀಳುವ ಜಾಗದ ತೂತುತಟ್ಟೆಯ ಹಿಂದೆ ಅದು ಅಡಗಿರುತ್ತದೆ. ಹಾಲಿನ ಆವಿ ಕೊಳವೆಯನ್ನು ಬಳಸಿದ ಆ ಕ್ಷಣವೇ ಒರೆಸಿ ಒಮ್ಮೆ ಆವಿ ಬಿಡಬೇಕು, ಒಣಗಿದ ಹಾಲು ಮತ್ತೆ ಬಿಡುವುದಿಲ್ಲ. ಶುಚಿಪುಡಿ ಹಾಕಿ ಹಿಮ್ಮುಖವಾಗಿ ತೊಳೆಯುವ ಕ್ರಮ, ಕಾಫಿ ಇಳಿದ ಮೇಲೆ ಒತ್ತಡವನ್ನು ಹೊರಬಿಡುವ ಮೂರು ದಾರಿಯ ಕವಾಟವಿರುವ ಯಂತ್ರಗಳಿಗೆ ಮಾತ್ರ.

ಮಳೆಗಾಲದ ಗಾಳಿ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ಕಾಫಿಯೇ ಸಾಕ್ಷಿ. ಘಟ್ಟದ ಮೇಲಿನಿಂದ ಬಂದ ಹಸಿ ಬೀಜವನ್ನು ಈ ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟು, ಬರೀ ತೇವದ ಗಾಳಿಯಿಂದಲೇ ಅದನ್ನು ಹಿಗ್ಗಿಸಿ, ಹಸಿರು ಹೋಗಿ ಹುಲ್ಲಿನ ಬಣ್ಣಕ್ಕೆ ತಿರುಗಿಸಿ, ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಪರದೇಶಕ್ಕೆ ಕಳುಹಿಸುತ್ತಾರೆ. ಗಟ್ಟಿ ಬೀಜವನ್ನೇ ಹೀಗೆ ಬದಲಿಸುವ ಗಾಳಿ ಮುಚ್ಚಿಟ್ಟ ಯಂತ್ರದೊಳಗೆ ಸುಮ್ಮನಿರುವುದಿಲ್ಲ. ಜೂನ್ ಬಂದೊಡನೆ ನಾನು ಹೇಳುವ ಕ್ರಮವೆಂದರೆ, ಬಳಸಿದ ಮೇಲೆ ತೊಟ್ಟಿಯಲ್ಲಿ ಹನಿ ನೀರೂ ಉಳಿಯದಂತೆ ಬಗ್ಗಿಸಿ ಚೆಲ್ಲಿ, ಮುಚ್ಚಳ ಮತ್ತು ಬುಟ್ಟಿಯನ್ನು ತೆರೆದೇ ಇಡಬೇಕು. ಪಡುವಣದ ಕಿಟಕಿಯ ಇರಿಚಲು ತಾಗದ ಜಾಗ ನೋಡಬೇಕು, ಕಪಾಟಿನೊಳಗೆ ಮುಚ್ಚಿಡಬಾರದು. ತೊಟ್ಟಿಯ ಮೂಲೆಯಲ್ಲಿ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಬ್ಯಾಕ್ಟೀರಿಯಾ, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ, ಮೂರು ತೊಟ್ಟಿ ನೀರು ಕಾಯಿಸಿ ಚೆಲ್ಲಿ. ರಬ್ಬರ್ ಕೊಳವೆಯೊಳಗೆ ಕಪ್ಪು ಬೂಷ್ಟು ಹಿಡಿದಿದ್ದರೆ ತೊಳೆಯುವ ಶ್ರಮ ಬೇಡ, ಕೊಳವೆಯನ್ನೇ ಬದಲಿಸಿ.

ಈಗ ಆರ್‌ಸಿಸಿಬಿ. ಹೀಟರಿನ ಒಳಗೆ ಕಾಯುವ ತಂತಿ ಮತ್ತು ಹೊರಗಿನ ಲೋಹದ ಕವಚದ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಗಿಡಿದಿರುತ್ತಾರೆ. ಅದು ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ, ಆದರೆ ಗಾಳಿಯ ತೇವವನ್ನು ಹೀರುವ ಗುಣವೂ ಅದಕ್ಕಿದೆ. ದಿನವೂ ಕಾಯುವ ಹೀಟರ್ ದಿನವೂ ಒಣಗುತ್ತದೆ. ಆಟಿಯ ಹದಿನೈದು ದಿನ ತಣ್ಣಗೆ ಕೂತದ್ದು ತುದಿಗಳ ಬಿರಡೆಯ ಸಂದಿಯಿಂದ ತೇವ ಎಳೆದುಕೊಂಡು, ಸ್ವಿಚ್ ಹಾಕಿದಾಗ ಕವಚಕ್ಕೆ ಒಂದಿಷ್ಟು ವಿದ್ಯುತ್ ಸೋರಿಸುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಆ ಸೋರಿಕೆಯನ್ನು ಕಂಡು ಬಿದ್ದಿದೆ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವುದು, ಅರ್ಥಿಂಗ್ ಪಿನ್ ಕಿತ್ತು ಬಳಸುವುದು, ಇವೆರಡೂ ಜೀವಕ್ಕೆ ಎರವಾಗುವ ಕೆಲಸಗಳು. ತೊಟ್ಟಿ ಖಾಲಿ ಮಾಡಿ, ಎಲ್ಲ ಮುಚ್ಚಳ ತೆರೆದು, ಪ್ಲಗ್ ಹಾಕದೆ, ಬಿಸಿಲಿದ್ದರೆ ಬಿಸಿಲಲ್ಲಿ, ಇಲ್ಲದಿದ್ದರೆ ಫ್ಯಾನಿನ ಗಾಳಿಯಲ್ಲಿ ಮೂರು ದಿನ ಇಡಿ. ಆಮೇಲೆ ವಿದ್ಯುತ್ ತಂತ್ರಜ್ಞರಿಂದ 500 ವೋಲ್ಟಿನ ಮೆಗ್ಗರ್ ಹಾಕಿಸಿ ಹೀಟರಿಗೂ ಕವಚಕ್ಕೂ ನಡುವಿನ ತಡೆಯನ್ನು ಅಳೆಸಿ. ಒಂದು ಮೆಗಾಓಮ್‌ಗಿಂತ ಸಾಕಷ್ಟು ಮೇಲಿದ್ದರೆ, ಅಡಿಯಲ್ಲಿ ನೀರು ಸೋರುತ್ತಿಲ್ಲವೆಂದೂ ನೋಡಿಕೊಂಡು, ಧೈರ್ಯವಾಗಿ ಬಳಸಬಹುದು. ಕಡಿಮೆಯಿದ್ದರೆ ಕಾರ್ಯಾಗಾರದಲ್ಲಿ ಹೀಟರನ್ನು ಬಿಚ್ಚಿ, ಸುಮಾರು 100 ಡಿಗ್ರಿಯ ಶಾಖದಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಅಳೆಯುತ್ತೇವೆ. ಆಗಲೂ ಏರದಿದ್ದರೆ, ಅಥವಾ ಬಿಚ್ಚಿದಾಗ ನಳಿಕೆ ತೂತಾಗಿರುವುದು ಕಂಡರೆ, ಹೀಟರ್ ಮತ್ತು ನಳಿಕೆಯ ಜೋಡಿಯನ್ನೇ ಬದಲಿಸಬೇಕಾಗುತ್ತದೆ. ಅದರ ಬೆಲೆ ಹೊಸ ಯಂತ್ರದ ಅರ್ಧವನ್ನು ದಾಟಿದರೆ ಮಾತ್ರ ಹೊಸದನ್ನು ಕೊಳ್ಳುವ ಯೋಚನೆ ಮಾಡಿ. ಮುಂದಿನ ಆಟಿಯಲ್ಲಿ ಊರಿಗೆ ಹೋಗುವಾಗ ಮನೆಯಲ್ಲಿ ಉಳಿಯುವವರು ಯಾರಾದರೂ ಇದ್ದರೆ, ಮೂರು ದಿನಕ್ಕೊಮ್ಮೆ ಒಂದು ಲೋಟ ಬರೀ ನೀರು ಹಾಕಿ ಯಂತ್ರ ಓಡಿಸಿ, ತೊಟ್ಟಿ ಖಾಲಿ ಮಾಡಿ ತೆರೆದಿಡಲು ಹೇಳಿ ಹೋಗಿ.